ಡರ್ಟಿ ಪೇಜ್, ರೈಟ್‌ಬ್ಯಾಕ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಲಿನಕ್ಸಿನ ರೈಟ್‌ಬ್ಯಾಕ್ (ಮೆಮೊರಿಯಲ್ಲಿ ಕೂತದ್ದನ್ನು ಡಿಸ್ಕಿಗೆ ಬರೆಯುವ ಕೆಲಸ) ಎಷ್ಟು ಚುರುಕು ಅಂತ ಅಳೆಯಲು ನಾವು ಕೆಲವರು ಪರೀಕ್ಷೆಗಳನ್ನು ಬರೆಯುತ್ತಿದ್ದೇವೆ. ಶಿರಸಿಯ ಕಾಲೇಜು ಹುಡುಗರೂ ಓಡಿಸಿ ನೋಡಲಿ ಅಂತ ವಿವರಣೆ ಕನ್ನಡದಲ್ಲೇ ಇರುತ್ತದೆ. ಎರಡು ಪದಗಳ ಹತ್ತಿರ ಗಾಡಿ ನಿಂತಿದೆ.

ಪ್ರೋಗ್ರಾಮ್ ಬರೆದದ್ದು ನೇರ ಡಿಸ್ಕಿಗೆ ಹೋಗುವುದಿಲ್ಲ. ಮೊದಲು ಮೆಮೊರಿಯ ಪುಟಗಳಲ್ಲಿ ಕೂರುತ್ತದೆ. ಡಿಸ್ಕಿಗೆ ಇನ್ನೂ ಹೋಗದ ಇಂಥ ಪುಟವೇ ಡರ್ಟಿ ಪೇಜ್. ನಾವು ಏನೂ ಬದಲಿಸದಿದ್ದರೆ ಕರ್ನಲ್ (ಲಿನಕ್ಸಿನ ತಿರುಳು) 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡ್ ದಾಟಿದವನ್ನು ಡಿಸ್ಕಿಗೆ ಕಳಿಸುತ್ತದೆ. ಹಾಗಾಗಿ ಡೇಟಾ ನಕಲು ಮಾಡುವ ಡಿಡಿ ಕಮಾಂಡ್ ಬೇಗ ಮುಗಿದು ದೊಡ್ಡ ವೇಗ ತೋರಿಸಿದರೂ ಡಿಸ್ಕಿನ ದೀಪ ಮಿನುಗುತ್ತಲೇ ಇರುತ್ತದೆ. ಅಷ್ಟರಲ್ಲಿ ಕರೆಂಟು ಹೋದರೆ (ಮಳೆಗಾಲದಲ್ಲಿ ನಮ್ಮ ಕಡೆ ಕೇಳಬೇಕೇ!) ಬರೆದದ್ದೂ ಹೋಯಿತು. ಅದಕ್ಕೇ ನಮ್ಮ ಪರೀಕ್ಷೆ ಎಫ್‌ಸಿಂಕ್ (ಫೈಲಿಗೆ ಬರೆದದ್ದನ್ನು ಡಿಸ್ಕಿಗೆ ಕಳಿಸಿ, ಸೇರುವವರೆಗೆ ಕಾಯುವ ಕರೆ) ಮುಗಿಯುವವರೆಗೂ ಸಮಯ ಲೆಕ್ಕ ಹಾಕುತ್ತದೆ.

ರೈಟ್‌ಬ್ಯಾಕಿಗೆ 'ಹಿಂಬರಹ' ಎಂಬ ಸಲಹೆ ಬಂತು. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟವರಿಗೆಲ್ಲ ಹಿಂಬರಹ ಅಂದರೆ ಏನಂತ ಗೊತ್ತು. ಬೇಡವೇ ಬೇಡ. ನನಗೆ 'ಡಿಸ್ಕಿಗೆ ಇಳಿಸುವುದು' ಇಷ್ಟ. 'ಪುಟ ಇನ್ನೂ ಇಳಿದಿಲ್ಲ' ಅಂದರೆ ಯಾರಿಗಾದರೂ ತಿಳಿಯುತ್ತದೆ.

ತಲೆನೋವು ಡರ್ಟಿ ಪೇಜಿನದು. 'ಕೊಳಕು ಪುಟ' ಅಂದರೆ ಒಳಗಿನ ಮಾಹಿತಿಯೇ ಕೆಟ್ಟಿದೆ ಅನ್ನಿಸುತ್ತದೆ. ನಿಜಕ್ಕೂ ಹೊಸದು ಅದೇ, ಹಳತಾಗಿರುವುದು ಡಿಸ್ಕಿನಲ್ಲಿರುವ ಪ್ರತಿ. 'ಮೈಲಿಗೆ ಪುಟ' ಅನ್ನಿ, ಸಿಂಕ್ ಆದಮೇಲೆ ಮಡಿ ಆಗುತ್ತದಲ್ಲ ಅಂತ ಒಬ್ಬರು ನಗಾಡಿದರು. ನಕ್ಕೆವು, ಆದರೆ ಆ ಮಾತಿನ ಹಿಂದಿರುವ ಭಾರ ನಮಗೆ ಬೇಡ.

'ಬಾಕಿ ಪುಟ' ಅನ್ನಬಹುದಿತ್ತು. ಆದರೆ ಮೆಮೊರಿಯ ಲೆಕ್ಕ ತೋರಿಸುವ ಮೆಮ್‌ಇನ್ಫೋ ಫೈಲಿನಲ್ಲಿ ಡರ್ಟಿ, ರೈಟ್‌ಬ್ಯಾಕ್ ಅಂತ ಎರಡು ಸಾಲುಗಳಿವೆ. ಒಂದು ಸರದಿ ಕಾಯುತ್ತಿರುವುದು, ಇನ್ನೊಂದು ಈಗ ಡಿಸ್ಕಿನ ದಾರಿಯಲ್ಲಿರುವುದು. ಎರಡೂ ಬಾಕಿಯೇ ಅಲ್ವಾ? ನಮ್ಮ ಪರೀಕ್ಷೆ ಇವೆರಡನ್ನೂ ಬೇರೆಬೇರೆಯಾಗಿ ಬರೆದಿಡುತ್ತದೆ, ಕಲಸಿದರೆ ಏನೂ ತಿಳಿಯುವುದಿಲ್ಲ. ಅಡಿಕೆ ವ್ಯಾಪಾರದವರು ಕಚ್ಚಾ ಲೆಕ್ಕ, ಪಕ್ಕಾ ಲೆಕ್ಕ ಅನ್ನುತ್ತಾರಲ್ಲ, ಆ ದಾರಿಯಲ್ಲಿ 'ಕಚ್ಚಾ ಪುಟ' ಹೊಂದೀತೇ?

ಇಂಥ ಪುಟಗಳು ಲಭ್ಯ ಮೆಮೊರಿಯ ಶೇ 20ರ ಮಿತಿಯ ಹತ್ತಿರ ಬಂದರೆ ಕರ್ನಲ್ ಬರೆಯುವ ಪ್ರೋಗ್ರಾಮನ್ನೇ ಕಾಯಿಸುತ್ತದೆ. ಅದಕ್ಕೆ 'ಲಗಾಮು' ಅಂದುಕೊಂಡಿದ್ದೇವೆ, ತಕರಾರಿಲ್ಲ.

ಡೌನ್‌ಲೋಡಿಗೂ ಕೆಲವರು 'ಇಳಿಸಿಕೊಳ್ಳು' ಅನ್ನುತ್ತಾರೆ. ನಮ್ಮ 'ಇಳಿಸು' ಜೊತೆ ಗೊಂದಲ ಆಗಬಹುದೇ? ಕಾರವಾರ, ಕುಮಟಾ ಕಡೆಯ ಅಂಗಡಿ ಲೆಕ್ಕದಲ್ಲಿ 'ಕಚ್ಚಾ'ಕ್ಕೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.