‘ಸಕಲ’ ಕೆಟ್ಟರೆ ‘ಕೆಲಸ’ ಆಗುತ್ತಾ? ಗೂಢ ಪದಬಂಧದ ಉತ್ತರ ಮತ್ತು ಜಗಳ

ಒಗಟಣ್ಣ: ಭಾನುವಾರ ನಾನು ಹಾಕಿದ ಗೂಢ ಪದಬಂಧಕ್ಕೆ ಇವತ್ತು ಉತ್ತರ. ಹೊಸಬರಿಗೆ ಒಂದು ಮಾತು: ಪ್ರತಿ ಸುಳಿವಿನಲ್ಲೂ ಒಂದು ನೇರ ಅರ್ಥ ಇರುತ್ತದೆ, ಉಳಿದದ್ದು ಅಕ್ಷರದಾಟ. ಕಂಸದಲ್ಲಿರುವುದು ಮನೆಗಳ ಲೆಕ್ಕ. ಎಲ್ಲರೂ ಒದ್ದಾಡಿದ ಐದು ಇಲ್ಲಿವೆ.

ಅಡ್ಡ 1: ದೇಹಕ್ಕೊಂದು ಚಾವಣಿ ಸಿಕ್ಕ ಅರಮನೆ ಊರು (3). ಮೈ + ಸೂರು, ಮೈಸೂರು.

ಅಡ್ಡ 4: ಲೇಖಕ ಮಲಗಿದ್ದಾನೆ, ಒಳಗೆ ಹೂವು (3). ಲೇಖ‘ಕ ಮಲ’ಗಿದ್ದಾನೆ, ಕಮಲ.

ಕೆಳಗೆ 6: ಸಂಸಾರದ ತಲೆ ಹೋದರೂ ಉಳಿಯುವ ಸತ್ವ (2). ‘ಸಂ’ ತೆಗೆಯಿರಿ, ಸಾರ.

ಅಡ್ಡ 9: ಸಕಲವೂ ಕೆಟ್ಟ ಮೇಲೆ ಉದ್ಯೋಗ (3). ‘ಸಕಲ’ ಕಲಸಿದರೆ ಕೆಲಸ.

ಕೆಳಗೆ 11: ವೀರನಾರಾಯಣನ ಊರಿಗೆ ಯಾವ ಕಡೆಯಿಂದ ಬಂದರೂ ಒಂದೇ (3). ಹಿಂದೆ ಮುಂದೆ ಓದಿದರೂ ಗದಗ.

ಖಾಲಿಚೌಕ: ಕಮಲ ನೋಡಿ ತಲೆ ಚಚ್ಚಿಕೊಂಡೆ. ಎರಡು ದಿನ ಯಾವ ಲೇಖಕ ಅಂತ ಯೋಚಿಸುತ್ತಿದ್ದೆ. ಕಾರಂತರಾ, ತೇಜಸ್ವಿನಾ ಅಂತ.

ಕಾಗುಣಿತ ಮೇಷ್ಟ್ರು: ಅಡ್ಡ 9 ತಪ್ಪು. ಸಕಲ ಅಂದರೆ ಸ, ಕ, ಲ. ಹೇಗೆ ಕಲಸಿದರೂ ‘ಕೆ’ ಬರುವುದಿಲ್ಲ. ‘ಕಲಸ’ ಬರುತ್ತದೆ, ಅಷ್ಟೇ.

ಒಗಟಣ್ಣ: ಕೆ ಕೂಡ ಕ ತಾನೇ ಮೇಷ್ಟ್ರೇ, ತಲೆ ಮೇಲೊಂದು ಎತ್ವ ಇದೆ. ‘ಕೆಟ್ಟ ಮೇಲೆ’ ಅಂತ ಹೇಳಿದ್ದೇನಲ್ಲ. ಕೆಟ್ಟರೆ ಸ್ವಲ್ಪ ಆಕಾರವೂ ಕೆಡುತ್ತದೆ. ಅಷ್ಟಕ್ಕೂ ಕೆಳಗೆ 9 ‘ಕೆರೆ’. ಅಲ್ಲಿಂದಲೇ ಕೆ ಸಿಗುತ್ತದೆ.

ಕಾಗುಣಿತ ಮೇಷ್ಟ್ರು: ‘ಕೆ ಕೂಡ ಕ ತಾನೇ’ ಅಂತೀರಲ್ಲ, ಹಾಗಾದರೆ ಕೆರೆ ಕೂಡ ಕರೆ ತಾನೇ? ಮನೆಗೆ ಕರೆದರೆ ಕೆರೆಗೆ ಹಾರೋಣವಾ?

ಮಾಡಿನಂಚು: ಅದಿರಲಿ, ಅಡ್ಡ 1ರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಸೂರು ಅಂದರೆ ಚಾವಣಿ ಅಲ್ಲ. ಮಾಡಿನಿಂದ ಹೊರಗೆ ಚಾಚಿದ ಅಂಚು. ನಮ್ಮೂರಲ್ಲಿ ಮಳೆಗಾಲದಲ್ಲಿ ಸೂರಿನ ನೀರಿಗೆ ಹಂಡೆ ಇಡುತ್ತಿದ್ದೆವು. ಚಾವಣಿಯಿಂದ ನೀರು ಬಿದ್ದರೆ ಅದಕ್ಕೆ ಸೋರುವುದು ಅಂತಾರೆ.

ಖಾಲಿಚೌಕ: ‘ತಲೆ ಮೇಲೊಂದು ಸೂರು’ ಅಂತ ಎಲ್ಲರೂ ಹೇಳುತ್ತಾರೆ. ಅಂಚಿನ ಕೆಳಗೆ ಸಂಸಾರ ಮಾಡುತ್ತಾರಾ?

ಮಾಡಿನಂಚು: ಎಲ್ಲರೂ ಹೇಳುವುದು ಸರಿ ಆಗುವುದಾದರೆ ನಿಘಂಟು ಯಾಕೆ? ರದ್ದಿಗೆ ಹಾಕಿ.

ಅಡ್ಡಗೆರೆ: ಒಗಟಣ್ಣನ ಪರ ನಾನು. ನಿಯಮ ನಿಯಮ ಅಂತ ಕೂತರೆ ಮಜಾನೇ ಇಲ್ಲ. ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯಲ್ಲಿ ಅರೌಕೇರಿಯಾ ಹೆಸರಲ್ಲಿ ಪದಬಂಧ ಕಟ್ಟುತ್ತಿದ್ದ ಜಾನ್ ಗ್ರಹಾಂ ಯಾವ ನಿಯಮಕ್ಕೆ ತಲೆಬಾಗಿದ್ದರು? ತಮಗೆ ಕ್ಯಾನ್ಸರ್ ಅನ್ನುವುದನ್ನೂ ಪದಬಂಧದಲ್ಲೇ ಹೇಳಿದ ಮನುಷ್ಯ. 2013ರಲ್ಲಿ ತೀರಿಕೊಂಡಾಗ ಜನ ಮನೆಯವರೇ ಹೋದಂತೆ ಅತ್ತರು.

ಕಾಗುಣಿತ ಮೇಷ್ಟ್ರು: ಅವರು ಸಡಿಲ ಬಿಟ್ಟದ್ದು ಮಾತಿನ ವರಸೆಯಲ್ಲಿ. ಅಕ್ಷರದ ಲೆಕ್ಕದಲ್ಲಿ ಅಲ್ಲ. ಎ ಇಲ್ಲದ ಕಡೆ ಎ ತಂದು ಅನಗ್ರಾಂ, ಅಂದರೆ ಅಕ್ಷರ ಕಲಸುವ ಆಟ, ಮಾಡಿದ್ದನ್ನು ಒಂದು ತೋರಿಸಿ. ಇನ್ನು ಇಂಗ್ಲಿಷ್ ಪದಬಂಧ ಕಟ್ಟುತ್ತಿದ್ದ ಆಫ್ರಿಟ್ 1949ರಲ್ಲೇ ಬರೆದಿಟ್ಟಿದ್ದಾನೆ: ಸುಳಿವು ಕೊಡುವವನು ತನ್ನ ಮನಸ್ಸಿನಲ್ಲಿರುವುದನ್ನು ಹೇಳಿರಲೇಬೇಕು.

ಒಗಟಣ್ಣ: ಆ ಮಾತಿನ ಮೊದಲರ್ಧ ಎಲ್ಲಿ ಹೋಯಿತು? ‘ಹೇಳಿದ್ದೇ ನನ್ನ ಮನಸ್ಸಿನಲ್ಲಿ ಇರಬೇಕಾಗಿಲ್ಲ’ ಅಂತಲೂ ಇದೆ. ನಾನು ಆ ಅರ್ಧದವನು.

ಕಾಗುಣಿತ ಮೇಷ್ಟ್ರು: ಅರ್ಧದವನು ಅನ್ನುವುದನ್ನು ಒಪ್ಪುತ್ತೇನೆ.

ಕೋಡುಬಳ್ಳಿ: ನಾನು ಸಾಫ್ಟ್‌ವೇರ್‌ನಲ್ಲಿ ಇರುವವನು, ಇದನ್ನು ಒಂದೇ ನಿಮಿಷದಲ್ಲಿ ಮುಗಿಸುತ್ತೇನೆ. ಯೂನಿಕೋಡ್‌ನಲ್ಲಿ ‘ಕೆ’ ಅನ್ನುವ ಒಂದೇ ಅಕ್ಷರ ಇಲ್ಲ. ಕ ಬೇರೆ, ಎತ್ವ ಬೇರೆ. ಎರಡು ಸಂಕೇತ. ಅಂದರೆ ಕೆ ಒಳಗೆ ಕ ಇದ್ದೇ ಇದೆ. ಒಗಟಣ್ಣ ಸರಿ.

ಕಾಗುಣಿತ ಮೇಷ್ಟ್ರು: ಧನ್ಯವಾದ. ನಿಮ್ಮ ಲೆಕ್ಕದಲ್ಲೇ ಸಕಲ ಮೂರು ಸಂಕೇತ, ಕೆಲಸ ನಾಲ್ಕು. ಮೂರನ್ನು ಕಲಸಿದರೆ ನಾಲ್ಕು ಆಗುವ ಕಂಪನಿ ಯಾವುದು, ಅಲ್ಲೇ ದುಡ್ಡಿಡುತ್ತೇನೆ.

ಕೋಡುಬಳ್ಳಿ: ನಾನು ಹೇಳಿದ್ದು ತತ್ವ.

ಭಾನುವಾರದ ಕಾಫಿ: ಒಂದು ಸಣ್ಣ ಸಲಹೆ. ‘ಕೆಲ ಸಲ ಪೂರ್ತಿಯಾಗದ ಉದ್ಯೋಗ (3)’ ಅಂತ ಮಾಡಿದರೆ? ‘ಕೆಲ ಸಲ’ದ ಕೊನೆ ಬಿಟ್ಟರೆ ಕೆಲಸ. ಗುಣಿತದ ತಂಟೆಯೂ ಇಲ್ಲ.

ಅಡ್ಡಗೆರೆ: ತತ್ವದ ಮಾತು ಬಂತಲ್ಲ, ನಮ್ಮಲ್ಲೇ ಉದಾಹರಣೆ ಇದೆ. ವಾಲ್ಮೀಕಿ ‘ಮರ ಮರ’ ಅಂತ ಜಪಿಸಿ ‘ರಾಮ’ ಆಯಿತು. ಮರ ತಿರುಗಿಸಿದರೆ ‘ರಮ’ ಆಗಬೇಕಿತ್ತು. ಋಷಿಗೇ ದೀರ್ಘ ಅಡ್ಡ ಬರಲಿಲ್ಲ, ನಿಮಗೆ ಎತ್ವ ಅಡ್ಡ ಬಂತಾ?

ಕಾಗುಣಿತ ಮೇಷ್ಟ್ರು: ಅದು ‘ಮರಾ’ ಸ್ವಾಮಿ! ರಾ ದೀರ್ಘ! ಮ, ರಾ. ತಿರುಗಿಸಿ: ರಾ, ಮ. ಒಂದು ಕೂದಲೂ ಆಚೀಚೆ ಇಲ್ಲ. ಬೇಡನಿಗೆ ಗೊತ್ತಿದ್ದ ಕಾಗುಣಿತ ನಿಮಗೆ ಗೊತ್ತಿಲ್ಲ.

ಮಾಡಿನಂಚು: ವಾಲ್ಮೀಕಿ ರಾಮಾಯಣದಲ್ಲಿ ಈ ಕಥೆಯೇ ಇಲ್ಲ. ಅಧ್ಯಾತ್ಮ ರಾಮಾಯಣದಲ್ಲಿ ಬರುತ್ತದೆ.

ಅಡ್ಡಗೆರೆ: ಇಲ್ಲದ ಕಥೆಗೆ ದೀರ್ಘ ಇದ್ದರೇನು, ಹ್ರಸ್ವ ಇದ್ದರೇನು?

ಕಾಗುಣಿತ ಮೇಷ್ಟ್ರು: ಕಥೆ ತಂದವರು ನೀವು! ಸಂಸ್ಕೃತದಲ್ಲೂ ಅದು ಮರಾ. ಶಾಲೆಯಲ್ಲಿ ಐದನೇ ತರಗತಿ ಮಕ್ಕಳಿಗೆ ‘ಕರೆ, ಕೆರೆ, ಕೊರೆ’ ಬೋರ್ಡ್ ಮೇಲೆ ಬರೆಸುತ್ತಿದ್ದೆ. ಮೂರೂ ಒಂದೇ ಅಂದ ಮಗುವನ್ನು ನಾನು ನೋಡಿಲ್ಲ. ದೊಡ್ಡವರನ್ನು ಇವತ್ತು ನೋಡಿದೆ.

ಒಗಟಣ್ಣ: ಮೇಷ್ಟ್ರು ಬಿಸಿಯಾಗಿದ್ದಾರೆ, ನೀರು ಕೊಡಿ. ಇಂಗ್ಲಿಷಿನ ಹಳೇ ಸುಳಿವು ನೆನಪಿದೆಯಾ? ಎಚ್ ಐ ಜೆ ಕೆ ಎಲ್ ಎಂ ಎನ್ ಓ, ಉತ್ತರ ನೀರು. ಎಚ್‌ನಿಂದ ಓವರೆಗೆ. ಅಂದರೆ ಎಚ್ ಟೂ ಓ, ನೀರಿನ ರಾಸಾಯನಿಕ ಸೂತ್ರ. ಅಲ್ಲಿ ನೇರ ಅರ್ಥವೇ ಇಲ್ಲ, ಆದರೂ ಜಗತ್ತು ಮೆಚ್ಚಿತು.

ಕಾಗುಣಿತ ಮೇಷ್ಟ್ರು: ಮೆಚ್ಚಿದ್ದು ಯಾಕೆ? ಎಂಟು ಅಕ್ಷರವೂ ಸಾಲಾಗಿ, ಒಂದೂ ಬಿಡದೆ ಇವೆ. ನಿಮ್ಮ ಥರ ಮಧ್ಯೆ ಕೆ ಬದಲು ಕ ಇಟ್ಟಿದ್ದರೆ ನೀರಲ್ಲ, ಕೆಸರು.

ಖಾಲಿಚೌಕ: 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಇಂಗ್ಲೆಂಡಿನ ಡೈಲಿ ಟೆಲಿಗ್ರಾಫ್ ಪತ್ರಿಕೆ ಒಂದು ಸ್ಪರ್ಧೆ ಇಟ್ಟಿತ್ತು. ಪದಬಂಧವನ್ನು 12 ನಿಮಿಷದೊಳಗೆ ಬಿಡಿಸಬೇಕು. ಗೆದ್ದವರಲ್ಲಿ ಕೆಲವರನ್ನು ಬ್ಲೆಚ್ಲಿ ಪಾರ್ಕ್‌ನಲ್ಲಿ ಶತ್ರುಗಳ ಗೂಢಲಿಪಿ ಬಿಡಿಸುವ ಕೆಲಸಕ್ಕೆ ಕರೆದರು. ನಾವು ಒಂದು ಎತ್ವಕ್ಕೆ ಮೂರು ತಾಸು ತೆಗೆದುಕೊಂಡಿದ್ದೇವೆ. ಸುಮ್ನೆ ಹೇಳಿದೆ.

ಅಡ್ಡಗೆರೆ: ‘ಕೆಲಸಕ್ಕೆ’ ಅಂದಿರಲ್ಲ, ‘ಸಕಲಕ್ಕೆ’ ಅನ್ನಬಹುದಿತ್ತು.

ಫೇಡಾಪ್ರಿಯ: ಈಗ ಬಂದೆ. ಕೆಳಗೆ 11 ನೋಡಿ ನಗು ಬಂತು. ಕುಮಾರವ್ಯಾಸನ ವೀರನಾರಾಯಣ ‘ಗದುಗಿನ’ ವೀರನಾರಾಯಣ. ಊರು ಗದುಗು. ತಿರುಗಿಸಿ ಓದಿ: ಗು, ದು, ಗ. ಗುದುಗ. ಒಂದೇ ಎಲ್ಲಿ ಬಂತು? ನಮ್ಮ ಕಡೆ ಊರಿನ ಹೆಸರು ಹಾಕುವಾಗ ನಮ್ಮನ್ನೂ ಒಂದು ಮಾತು ಕೇಳಿ.

ಒಗಟಣ್ಣ: ರೈಲ್ವೆ ಬೋರ್ಡ್ ಮೇಲೆ ಗದಗ ಅಂತಲೇ ಇದೆ.

ಫೇಡಾಪ್ರಿಯ: ಕುಮಾರವ್ಯಾಸ ರೈಲಿನಲ್ಲಿ ಬಂದನಾ?

ಕಾಗುಣಿತ ಮೇಷ್ಟ್ರು: ಗದಗ ಸರಿಯೇ ಇದೆ, ಅದನ್ನು ಎಳೆಯಬೇಡಿ. ಅಡ್ಡ 9 ತಪ್ಪಿಸಿಕೊಳ್ಳುತ್ತದೆ. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಗುಣಿತ, ಒತ್ತು ಎಲ್ಲ ಸೇರಿ ಒಂದು ಅಕ್ಷರ. ‘ಅಕ್ಕ’ ಎರಡೇ ಮನೆ. ಪೇಪರಿನ ಪದಬಂಧ ಬಿಡಿಸುವ ಯಾರನ್ನಾದರೂ ಕೇಳಿ. ಮನೆಯಲ್ಲಿ ಬರೆಯುವುದು ಕೆ ಅಂದಮೇಲೆ ಸುಳಿವಿನಲ್ಲೂ ಕೆ ಇರಬೇಕು. ಇದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಒಗಟಣ್ಣ: ‘ಪೇಪರಿನ ಪದಬಂಧ’ ಅಂದಿರಲ್ಲ, ಅಲ್ಲೇ ಸಿಕ್ಕಿಬಿದ್ದಿರಿ. ಇದು ಪೇಪರಿನದಲ್ಲ, ಗೂಢ ಪದಬಂಧ. ಆದರೂ ನಿಮ್ಮ ರಕ್ತದೊತ್ತಡ ನೋಡಿ ಸುಳಿವನ್ನು ಸ್ವಲ್ಪ ಪಾಲಿಶ್ ಮಾಡಿದ್ದೇನೆ. ತಪ್ಪಿತ್ತು ಅಂತಲ್ಲ. ಹೊಸ ಅಡ್ಡ 9: ‘ಕೆಲವಕ್ಕೆ ವು ಇಲ್ಲದೆ ಮೊದಲ ಸ್ವರ ಸೇರಿದರೆ ಉದ್ಯೋಗ (3)’. ಕೆಲವು, ವು ತೆಗೆದರೆ ಕೆಲ. ಅದಕ್ಕೆ ಸರಿಗಮದ ಸ. ಈಗ ಕೆ ಇದೆ. ಖುಷಿನಾ?

ಕಾಗುಣಿತ ಮೇಷ್ಟ್ರು: ಮೊದಲ ಸ್ವರ ‘ಅ’.

ಒಗಟಣ್ಣ: ಸಂಗೀತದಲ್ಲಿ ಸ.

ಕಾಗುಣಿತ ಮೇಷ್ಟ್ರು: ಸಂಗೀತ ಅಂತ ಸುಳಿವಿನಲ್ಲಿ ಎಲ್ಲಿದೆ? ವರ್ಣಮಾಲೆಯಲ್ಲಿ ಮೊದಲ ಸ್ವರ ಅ. ‘ಕೆಲಅ’ ಅನ್ನುವ ಉದ್ಯೋಗ ಯಾವುದು, ಸಂಬಳ ಎಷ್ಟು?

ಅಡ್ಡಗೆರೆ: ಇವರಿಗೆ ಬ್ರಹ್ಮ ಬಂದು ಸುಳಿವು ಕೊಟ್ಟರೂ ಅವನ ನಾಲ್ಕು ತಲೆಯಲ್ಲಿ ಒಂದು ತಪ್ಪು ಹುಡುಕುತ್ತಾರೆ.

ಭಾನುವಾರದ ಕಾಫಿ: ನಾನು ಮೇಲೆ ‘ಕೆಲ ಸಲ’ ಅಂತ ಒಂದು ಸುಳಿವು ಹಾಕಿದ್ದೆ. ಯಾರಾದರೂ ನೋಡಿದಿರಾ?

ಮಾಡಿನಂಚು: ನೋಡಿದೆ. ಉದ್ಯೋಗ ಬೇರೆ, ಕೆಲಸ ಬೇರೆ.