ಅಪ್‌ಡೇಟ್: ಅಕ್ಕ ಮನೆ ಬಿಡಬೇಕಾಗಲಿಲ್ಲ

ಅಕ್ಕನಿಗೆ ಗಂಡ ಹೊಡೆಯುತ್ತಾನೆ, ಮನೆ ಅವಳ ಮಾವನ ಹೆಸರಲ್ಲಿದೆ, ಅವಳನ್ನು ಹೊರಗೆ ಹಾಕಬಹುದಾ ಅಂತ ನಾಲ್ಕು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ.

ನೀವು ಹೇಳಿದಂತೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದೆವು. ಆಮೇಲೆ ಸಂರಕ್ಷಣಾಧಿಕಾರಿಯನ್ನು, ಅಂದರೆ ಮನೆಯಲ್ಲಿ ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರಿ ಅಧಿಕಾರಿಯನ್ನು, ಕಂಡೆವು. ಅವರು ವರದಿ ಬರೆಯಲು ಕೂತರು. ಅಕ್ಕ ಮಾತೇ ಆಡಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ಕೊನೆಗೆ ರವಿಕೆಯ ತೋಳು ಮೇಲೆ ಮಡಚಿ ಬಾಸುಂಡೆ ತೋರಿಸಿದಳು. ಅದನ್ನು ನನಗೂ ತೋರಿಸಿರಲಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಸಂಸಾರ ಮಾಡಿದ ಮನೆಯಲ್ಲಿ ಅವಳಿಗೆ ವಾಸದ ಹಕ್ಕಿದೆ. ಮನೆ ಅತ್ತೆ-ಮಾವನ ಹೆಸರಲ್ಲಿದ್ದರೂ ಅಷ್ಟೇ, 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಕ್ಕರು. ಹೆಂಗಸರಿಗೆ ಆದಾಯದ ಮಿತಿ ಇಲ್ಲ.

ಕೋರ್ಟಿನಿಂದ ಮಧ್ಯಂತರ ಆದೇಶ, ಅಂದರೆ ಕೇಸು ಮುಗಿಯುವ ಮೊದಲೇ ಕೊಡುವ ಆದೇಶ, ಬಂತು. ಮನೆ ಬಿಟ್ಟವನು ಅವನು. "ಸುಮ್ನೆ ಹೊಂದಿಕೊಂಡು ಹೋಗು" ಎಂದ ನೆಂಟರ ಮೇಲೆ ನನಗಿನ್ನೂ ಸಿಟ್ಟಿದೆ. ನಿನ್ನೆ ಅಕ್ಕ ಚಿಲಕ ಹಾಕದೆ ಮಲಗಿದಳು.