ಆಟದೊಳಗಿನ ಕಾನೂನಿಗೆ ಗುಣಮಟ್ಟ ಅಂದ್ರೆ ಏನು? (ಪ್ರಶ್ನೋತ್ತರ)

ಪ್ರಶ್ನೆ: ಮೇಡಂ ನಮಸ್ಕಾರ. ನೀವು ಮಸೂದೆಗಳ ಕರಡು ಬರೆಯೋ ಕೆಲಸದಲ್ಲಿದ್ದೀರಿ ಅಂತ ಗೊತ್ತಾಯ್ತು, ಅದಕ್ಕೇ ಕೇಳ್ತಿದ್ದೀನಿ. ನಾನು ನೇಷನ್‌ಸ್ಟೇಟ್ಸ್ ಅನ್ನೋ ಆನ್‌ಲೈನ್ ಆಟ ಆಡ್ತೀನಿ. ಆಸ್ಟ್ರೇಲಿಯಾದ ಲೇಖಕ ಮ್ಯಾಕ್ಸ್ ಬ್ಯಾರಿ 2002ರಲ್ಲಿ ಶುರು ಮಾಡಿದ್ದು. ಒಬ್ಬೊಬ್ಬ ಆಟಗಾರನದ್ದೂ ಒಂದೊಂದು ದೇಶ. ಅದರ ವರ್ಲ್ಡ್ ಅಸೆಂಬ್ಲಿಯಲ್ಲಿ, ಅಂದ್ರೆ ವಿಶ್ವಸಂಸ್ಥೆ ಥರದ ಸಭೆಯಲ್ಲಿ, ನಾವೇ ನಿರ್ಣಯ ಬರೆದು ಮಂಡಿಸಬಹುದು. ನಾನು ನದಿ ನೀರಿನ ಬಗ್ಗೆ ಬರೆದೆ. ನಿಜ ಪ್ರಪಂಚದ ಹೆಸರು ಅಲ್ಲಿ ಬರಬಾರದು. ಪೀಠಿಕೆಯಲ್ಲಿ ಕಾವೇರಿ ಅಂತ ಬರೆದಿದ್ದೆ, ನಿಯಮಬಾಹಿರ ಆಯ್ತು. ಅದನ್ನ ತೆಗೆದೆ. ಈಗ ‘ನಿಯಮಕ್ಕೆ ಸರಿ ಇದೆ, ಗುಣಮಟ್ಟ ಇಲ್ಲ’ ಅಂತಿದ್ದಾರೆ. ಮುಖ್ಯ ಕಲಂ ಇದು: “ಸದಸ್ಯ ರಾಷ್ಟ್ರಗಳು ಜನರ ಕುಡಿಯುವ ನೀರು ಮಲಿನವಾಗದಂತೆ ಸೂಕ್ತ ಕ್ರಮ ಕೈಗೊಳ್ಳಬೇಕು.”

ಉತ್ತರ: ನಮಸ್ಕಾರ. ಕಾಳಜಿ ಚೆನ್ನಾಗಿದೆ, ಆದರೆ ಈ ವಾಕ್ಯ ಯಾರನ್ನೂ ಕಟ್ಟಿಹಾಕಲ್ಲ. ‘ಸೂಕ್ತ’ ಅಂತ ತೀರ್ಮಾನ ಮಾಡೋರು ಯಾರು? ಕೊಳಚೆ ಬಿಡೋ ದೇಶವೇ! ಒಂದು ಫಲಕ ನೆಟ್ಟು ‘ಕ್ರಮ ಕೈಗೊಂಡಿದ್ದೇವೆ’ ಅಂದ್ರೆ ನಿಮ್ಮ ಕಾನೂನಿನ ಪ್ರಕಾರ ಅದು ಸರಿನೇ.

ಅದಕ್ಕಿಂತ ದೊಡ್ಡ ತೂತು ‘ಜನರ’ ಅನ್ನೋ ಪದದಲ್ಲಿದೆ. ಯಾರ ಜನ? ಪ್ರತಿ ದೇಶವೂ ‘ನಮ್ಮ ಜನ’ ಅಂತಲೇ ಓದಿಕೊಳ್ಳುತ್ತೆ. ನದಿ ವಿಷಯದಲ್ಲಿ ಕಷ್ಟ ಬರೋದು ಕೆಳಗಿನ ದೇಶಕ್ಕೆ, ಅದು ನಿಮ್ಮ ಕಲಂನಿಂದ ಹೊರಗೇ ಉಳೀತು. ನಾನಾದ್ರೆ ಹೀಗೆ ಬರೀತೀನಿ: “ಯಾವುದೇ ಸದಸ್ಯ ರಾಷ್ಟ್ರವು, ಗಡಿ ದಾಟಿ ಹರಿಯುವ ನದಿಗೆ, ಕೆಳಹರಿವಿನ ರಾಷ್ಟ್ರದಲ್ಲಿ ಆ ನೀರನ್ನು ಕುಡಿಯಲು ಅಯೋಗ್ಯವಾಗಿಸುವ ತ್ಯಾಜ್ಯವನ್ನು ಬಿಡತಕ್ಕದ್ದಲ್ಲ.” ಯಾರು, ಏನನ್ನ, ಎಲ್ಲಿಗೆ ಬಿಡಬಾರದು ಅನ್ನೋದು ಬಂತು. ‘ತ್ಯಾಜ್ಯ’ಕ್ಕೆ ಪರಿಭಾಷೆ ನೀವು ಕೊಡಿ.

ಇನ್ನೊಬ್ಬರು: ಆಟಕ್ಕೆ ಇಷ್ಟೆಲ್ಲ ಬೇಕಾ ಮೇಡಂ? ತಪ್ಪಿದ್ರೆ ಆಮೇಲೆ ತಿದ್ದುಪಡಿ ತಂದ್ರಾಯ್ತು.

ಪ್ರಶ್ನೆ ಕೇಳಿದವರು: ಅಲ್ಲಿ ತಿದ್ದುಪಡಿಯೇ ಇಲ್ಲ ಸರ್. ಪಾಸಾದದ್ದನ್ನ ಪೂರ್ತಿ ರದ್ದು ಮಾಡ್ಬೇಕು. ರದ್ದತಿ ನಿರ್ಣಯದೊಳಗೆ ಹೊಸ ನಿಯಮ ಸೇರಿಸೋ ಹಾಗಿಲ್ಲ, ಅದಕ್ಕೆ ಬೇರೆ ನಿರ್ಣಯ, ಮತ್ತೆ ಮತದಾನ.

ಉತ್ತರ: ನೋಡಿ, ಹಾಗಾದ್ರೆ ನಮ್ಮ ಕೆಲಸಕ್ಕಿಂತ ಕಷ್ಟದ್ದು! ನಮ್ಮಲ್ಲಿ ಒಂದು ಪದ ತಪ್ಪಿದ್ರೆ ತಿದ್ದುಪಡಿ ವಿಧೇಯಕ ತರಬಹುದು. ನಿಮಗೆ ಆ ದಾರಿಯೂ ಇಲ್ಲ. ಮಂಡಿಸೋಕೆ ಮುಂಚೆ ಕರಡನ್ನ ನಿಮ್ಮ ವಿರೋಧಿಯ ಕೈಗೇ ಕೊಟ್ಟು ‘ಇದರಿಂದ ತಪ್ಪಿಸ್ಕೊಂಡು ತೋರಿಸಿ’ ಅನ್ನಿ. ಸ್ನೇಹಿತರು ನೀವು ಹೇಳಬೇಕಂದದ್ದನ್ನ ಓದ್ತಾರೆ, ವಿರೋಧಿ ಬರೆದದ್ದನ್ನಷ್ಟೇ ಓದ್ತಾನೆ.

ಪ್ರಶ್ನೆ ಕೇಳಿದವರು: ಇನ್ನೊಂದು ಮೇಡಂ. ಮಂಡಿಸುವಾಗ ನಿರ್ಣಯದ ಬಲ ಎಷ್ಟು ಅಂತ ಆರಿಸ್ಬೇಕು. ನಾನು ‘ಸ್ಟ್ರಾಂಗ್’ ಹಾಕಿದ್ದೆ.

ಉತ್ತರ: ಕ್ರಿಯಾಪದ ನೋಡಿಕೊಳ್ಳಿ. ಒಳಗೆಲ್ಲ ‘ಆಶಿಸುತ್ತದೆ’, ‘ಪ್ರೋತ್ಸಾಹಿಸುತ್ತದೆ’ ಅಂತಿದ್ದು ಮೇಲೆ ‘ಸ್ಟ್ರಾಂಗ್’ ಅಂದ್ರೆ ಹೊಂದಲ್ಲ. ಕನ್ನಡ ಕಾಯ್ದೆಗಳಲ್ಲಿ ‘ತಕ್ಕದ್ದು’ ಅಂದ್ರೆ ಕಡ್ಡಾಯ, ‘ಬಹುದು’ ಅಂದ್ರೆ ವಿವೇಚನೆ. ನೀವು ಇಂಗ್ಲಿಷಿನಲ್ಲಿ ಬರೆದರೂ ಪ್ರತಿ ಕಲಂಗೆ ಇವೆರಡರಲ್ಲಿ ಯಾವುದು ಅಂತ ಮೊದಲು ಮನಸ್ಸಲ್ಲಿ ಇಟ್ಕೊಳ್ಳಿ. ಪೀಠಿಕೆ ಮೂರು ಸಾಲಿಗೆ ಮುಗೀಲಿ.

ಪ್ರಶ್ನೆ ಕೇಳಿದವರು: ಸರಿ ಮೇಡಂ. ಆಟದ ಒಂದೊಂದು ಪ್ರದೇಶಕ್ಕೂ ಇರೋ ಪ್ರತಿನಿಧಿಗಳಲ್ಲಿ ನೂರಕ್ಕೆ 6 ಮಂದಿ ಒಪ್ಪಿದ್ರೆ ಮಾತ್ರ ಮತಕ್ಕೆ ಬರೋದು, ಆಮೇಲೆ 4 ದಿನ ಮತದಾನ. ಅಷ್ಟರೊಳಗೆ ತಿದ್ದಿಕೊಳ್ತೀನಿ.

ಉತ್ತರ: ಅಷ್ಟರೊಳಗೆ ಅಲ್ಲ, ಮಂಡಿಸೋಕೆ ಮುಂಚೆ. ‘ತ್ಯಾಜ್ಯ’ದ ಪರಿಭಾಷೆ ಬರೆದು ಇಲ್ಲೇ ಹಾಕಿ, ಸಂಜೆ ನೋಡ್ತೀನಿ.